ಎರಡರಿಂದ ನಾಲ್ಕರವರೆಗೆ

ತಮ್ಮ, ಅಣ್ಣನ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಎದುರಿಗೆ ಕೂತಿದ್ದ. ನಡುವೆ ಗೀರಿರುವ ಪುಟ್ಟ ಹಳದಿ ಮಾತ್ರೆ. ನಾಲ್ಕು ಗಂಟೆಗೇ ಅದು ದೊಡ್ಡ ಮೇಸ್ತ್ರಿಯ ಹೊಟ್ಟೆ ಸೇರಬೇಕಿತ್ತು. ಗೋಡೆಯ ಗಡಿಯಾರದಲ್ಲಿ ಐದಾಗುತ್ತ ಬಂದಿತ್ತು. ಮೇಸ್ತ್ರಿಯ ಬೆನ್ನು ಕುರ್ಚಿಗೆ ಅಂಟಿಕೊಂಡಿತ್ತು, ಕುತ್ತಿಗೆ ಮುಂದಕ್ಕೆ ಬಾಗಿ ಅಲ್ಲೇ ನಿಂತುಬಿಟ್ಟಿತ್ತು, ತುಟಿಯ ಮೂಲೆಯಿಂದ ಇಳಿದ ಜೊಲ್ಲು ಅಂಗಿಯ ಗುಂಡಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಕಣ್ಣಿಗೆ ಮಾತ್ರ ಎಲ್ಲ ಕಾಣುತ್ತಿತ್ತು.

ಟೀಪಾಯಿಯ ಮೇಲೆ ನಾಲ್ಕು ಹಾಳೆ ಹರಡಿದ ತಮ್ಮ. ಮರದ ಮಿಲ್ಲೂ ಅದರ ಹಿಂದಿನ ಈ ಮನೆಯೂ ತನ್ನ ಹೆಸರಿಗಾದರೆ ಎಲ್ಲರಿಗೂ ನಿಶ್ಚಿಂತೆ ಎಂದು ವಿವರಿಸಿದ. ಸಹಿ ಬೇಡವಂತೆ. ಅಣ್ಣನ ಸಹಿ ಈಗ ಇರುವೆ ಹರಿದಾಡಿದ ಹಾಗಿರುತ್ತದೆ, ಯಾರೂ ಒಪ್ಪುವುದಿಲ್ಲ. ಹೆಬ್ಬೆಟ್ಟಾದರೆ ಸಾಕು, ನೋಂದಣಿ ಕಚೇರಿಯಲ್ಲಿ ತನಗೆ ಬೇಕಾದವರಿದ್ದಾರೆ. ಇಷ್ಟು ಹೇಳಿ ಮೇಸ್ತ್ರಿಯ ಎಡಗೈ ಹೆಬ್ಬೆರಳನ್ನು ಹಿಡಿದು ಇಂಕಿನ ಪ್ಯಾಡಿನತ್ತ ಎಳೆದ. ಬೆರಳು ಬಾಗಲಿಲ್ಲ. ಬಿಗಿದ ಗೂಟವನ್ನು ತಿರುವುವ ಹಾಗೆ ತಿರುವಿದ. ಗೆಣ್ಣಿನೊಳಗೆ ಏನೋ ಲಟಕ್ಕೆಂದಿತು. ನೋವು ಭುಜದವರೆಗೆ ಹರಿಯಿತು. ಕಿರುಚಲು ಹೋದರೆ ಬಾಯಿಂದ ಬಂದದ್ದು ಒಂದು ಎಳೆ ಉಸಿರು.

"ಮುಂದಿನ ತಿಂಗಳು ನಿನ್ನನ್ನ ಒಂದು ಆರೈಕೆ ಕೇಂದ್ರಕ್ಕೆ ಸೇರಿಸ್ತೀನಿ, ಅಣ್ಣ. ಅತ್ತಿಗೆನೂ ಒಂದಿಷ್ಟು ಉಸಿರಾಡ್ಲಿ. ಈಗ್ಲೇ ಅವರಿಗೆ ಹೇಳಲ್ಲ, ಅತ್ತು ರಂಪ ಮಾಡ್ತಾರೆ." ಹೆಬ್ಬೆಟ್ಟು ಬಿದ್ದ ಹಾಳೆಗಳನ್ನು ಮಡಚಿ ಜೇಬಿಗೆ ಸೇರಿಸಿದ ಮೇಲೆ ಅಣ್ಣನ ಕೆನ್ನೆಯನ್ನು ಎರಡು ಸಲ ತಟ್ಟಿದ. "ಸಿಟ್ಟಾ? ಕಲ್ಲಿಗೆ ಎಲ್ಲಿ ಸಿಟ್ಟು ಬರತ್ತೆ, ಬಿಡು."

ಆಮೇಲೆ ಮಾತ್ರೆಯನ್ನು ನಾಲಿಗೆಯ ಮೇಲಿಟ್ಟು ಮೂಗು ಹಿಡಿದು ನೀರು ಹೊಯ್ದ.

ಒಂದು ದಿನದ ಮಾತ್ರೆಗಳನ್ನು ಮೈದುನನಿಗೆ ಒಪ್ಪಿಸಿ ತಂಗಿಯ ಮನೆಗೆ ಹೋಗಿದ್ದ ಹೆಂಡತಿ ಮರುದಿನ ಬಂದಳು. ಹೆಬ್ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಬಾಗಿಲಿಗೆ ಸಿಕ್ಕಿತು ಎಂದ ಮೇಸ್ತ್ರಿ. ಮಿಲ್ಲನ್ನು ಅವನಿಗೇ ಬರೆದುಕೊಟ್ಟೆ, ನನ್ನಿಂದ ಇನ್ನಾಗದು ಎಂದ. ಮೊದಲು ನಾಚಿಕೆಯಿಂದ ಹೇಳಿದ ಸುಳ್ಳು ಅದು. ಎರಡು ದಿನ ಕಳೆಯುವಷ್ಟರಲ್ಲಿ ಆ ಸುಳ್ಳಿನ ಬೆಲೆ ಅವನಿಗೆ ಗೊತ್ತಾಯಿತು. ತಾನಾಗಿ ಆಸ್ತಿ ಬಿಟ್ಟುಕೊಟ್ಟ ಅಣ್ಣನಿಗೆ ತಮ್ಮನ ಮೇಲೆ ಯಾವ ದ್ವೇಷವಿರಲು ಸಾಧ್ಯ?

ಮಿಲ್ಲಿನ ಆಸೆ ಅವನಿಗಿರಲಿಲ್ಲ. ಅವನನ್ನು ಕೊರೆಯುತ್ತಿದ್ದದ್ದು ಆರೈಕೆ ಕೇಂದ್ರ. ಅವನಿಗೆ ಔಷಧ ಕೊಡುವ ಡಾಕ್ಟರಮ್ಮನ ಕ್ಲಿನಿಕ್ಕಿನ ಬೆಂಚಿನ ಮೇಲೆ ಪರಿಚಯವಾಗಿದ್ದ, ಇದೇ ರೋಗದ ಒಬ್ಬ ಪೋಸ್ಟ್ ಮಾಸ್ತರರನ್ನು ಮಕ್ಕಳು ಅಂಥದೇ ಕಡೆ ಸೇರಿಸಿದ್ದರು. ಮೇಸ್ತ್ರಿ ನೋಡಲು ಹೋಗಿದ್ದ. ಜಾಗ ಸ್ವಚ್ಛವಾಗಿತ್ತು, ಹೂಕುಂಡಗಳಿದ್ದವು. ಆದರೆ ಮಾತ್ರೆಗಳು ತಳ್ಳುಗಾಡಿಯಲ್ಲಿ ಬರುತ್ತಿದ್ದವು, ಕೋಣೆಯಿಂದ ಕೋಣೆಗೆ, ಸಿಬ್ಬಂದಿಯ ಪುರುಸೊತ್ತಿಗೆ. ಎಂಟರ ಮಾತ್ರೆ ಪೋಸ್ಟ್ ಮಾಸ್ತರರನ್ನು ಮುಟ್ಟುವಾಗ ಹತ್ತೂವರೆ. ಅಷ್ಟರವರೆಗೆ ಅವರು ಹಾಸಿಗೆಯಲ್ಲಿ ಮರದ ದಿಮ್ಮಿ. ಒಂದು ಬೆಳಿಗ್ಗೆ ತಿಂಡಿ ಮೊದಲು ಬಂತು, ಮಾತ್ರೆ ಆಮೇಲೆ ಬಂತು. ನಡುವೆ ತುತ್ತು ಗಂಟಲಲ್ಲಿ ನಿಂತು ಅವರು ಸತ್ತುಹೋದರು.

ಈ ರೋಗದವರಿಗೆ ಗಡಿಯಾರವೇ ಊರುಗೋಲು. ಒಂಬತ್ತು ವರ್ಷದ ಹಿಂದೆ, ಮಿದುಳಿನಲ್ಲಿ ಒಂದು ರಸ ಬತ್ತುತ್ತಿದೆ, ಮಾತ್ರೆ ಅದನ್ನು ತುಂಬಿಕೊಡುತ್ತದೆ ಎಂದು ಡಾಕ್ಟರಮ್ಮ ಹೇಳಿದಾಗ ಒಂದು ಮಾತ್ರೆ ಅರ್ಧ ದಿನ ಬರುತ್ತಿತ್ತು. ಈಗ ಮೂರು ಗಂಟೆ. ಎಂಟಕ್ಕೊಂದು, ಹನ್ನೆರಡಕ್ಕೆ ಒಂದೂವರೆ, ನಾಲ್ಕಕ್ಕೊಂದು, ರಾತ್ರಿ ಎಂಟಕ್ಕೊಂದು. ಕೆಲಸ ಮಾಡುವ ಹೊತ್ತಿಗೆ ಆನ್ ಎನ್ನುತ್ತಿದ್ದರು, ಬಿಟ್ಟುಹೋದ ಹೊತ್ತಿಗೆ ಆಫ್. "ಮಾತ್ರೆ ಅಂದ್ರೆ ಬಸ್ಸಿದ್ದ ಹಾಗೆ ಮೇಸ್ತ್ರಿ," ಎನ್ನುತ್ತಿದ್ದರು ಡಾಕ್ಟರಮ್ಮ. "ಒಂದು ಹೋಗಿ ಇನ್ನೊಂದು ಬರೋವರೆಗೆ ಸ್ಟ್ಯಾಂಡಲ್ಲೇ ಕೂತಿರ್ಬೇಕು. ಅವಸರ ಮಾಡ್ಕೊಂಡು ಎರಡೆರಡು ಬಸ್ಸು ಹತ್ತೋ ಹಾಗಿಲ್ಲ." ಹಾಗಾಗಿ ಮಾತ್ರೆಯ ಡಬ್ಬಿ ಹೆಂಡತಿಯ ಬೀರುವಿನಲ್ಲಿ ಬೀಗದೊಳಗೆ ಇರುತ್ತಿತ್ತು. ಅವಳು ಶಾಲೆಯೊಂದರಲ್ಲಿ ಗುಮಾಸ್ತೆ. ಬೆಳಿಗ್ಗೆ ಹೊರಡುವಾಗ ಹನ್ನೆರಡರ ಪಾಲನ್ನು ಮಾತ್ರ ಒಂದು ಬಟ್ಟಲಲ್ಲಿಟ್ಟು ಹೋಗುತ್ತಿದ್ದಳು, ನಾಲ್ಕಕ್ಕೆ ಸರಿಯಾಗಿ ಬಾಗಿಲು ತೆಗೆಯುತ್ತಿದ್ದಳು.

ಮೂರರಿಂದ ನಾಲ್ಕೂವರೆಯವರೆಗೆ ಮೇಸ್ತ್ರಿ ಕಲ್ಲು. ಕೇರಿಗೆಲ್ಲ ಗೊತ್ತಿದ್ದ ಸಂಗತಿ. ಆ ಹೊತ್ತಿನಲ್ಲಿ ಮನೆಗೆ ಬೆಂಕಿ ಬಿದ್ದರೂ ಅವನು ಏಳಲಾರ ಎಂದು ಹೆಂಡತಿಯೇ ಹತ್ತು ಜನರ ಎದುರು ಹೇಳಿ ಕಣ್ಣೊರೆಸಿಕೊಂಡಿದ್ದಳು. ಯಾವ ಸಾಕ್ಷಿಯೂ ಬೇಡದಂಥ ಒಂದೂವರೆ ಗಂಟೆಯನ್ನು ರೋಗ ಅವನಿಗೆ ಕೊಟ್ಟಿತ್ತು. ಅದನ್ನು ಖರ್ಚು ಮಾಡದೆ ಇಟ್ಟುಕೊಳ್ಳುವುದು ದಡ್ಡತನ ಅನ್ನಿಸತೊಡಗಿತು.

ಅವನು ಅವಸರಪಡಲಿಲ್ಲ. ಮೊದಲು ಡಾಕ್ಟರಮ್ಮನ ಬಳಿ ಹೋಗಿ ಮಧ್ಯಾಹ್ನಗಳು ತೀರಾ ಕಷ್ಟ ಎಂದು ದೂರಿದ. ಅವರು ಒಂದು ಚಾರ್ಟು ಕೊಟ್ಟರು. ದಿನಕ್ಕೆ ನಲವತ್ತೆಂಟು ಚೌಕ, ಅರ್ಧ ಗಂಟೆಗೊಂದು. ಆಫ್ ಇದ್ದ ಚೌಕಕ್ಕೆ ಕೆಂಪು ಪೆನ್ಸಿಲಿನಿಂದ ಬಣ್ಣ ತುಂಬಬೇಕು. ರಜೆಯ ದಿನ ಹೆಂಡತಿಯೇ ಕಣ್ಣಾರೆ ನೋಡಿ ತುಂಬಿದಳು, ಉಳಿದ ದಿನ ಸಂಜೆ ಅವನು ಹೇಳಿದ್ದನ್ನು ತುಂಬಿದಳು. ಮೂರು ವಾರವಾಗುವಾಗ ಮೂರು ಗಂಟೆಯ ಕೆಳಗಿನ ಚೌಕಗಳು ಒಂದರ ಮೇಲೊಂದು ಕೂತು ಇಟ್ಟಿಗೆ ಗೋಡೆಯ ಹಾಗೆ ಎದ್ದು ನಿಂತವು. ಅವನ ಗೋಡೆಯನ್ನು ಹೆಂಡತಿ ಕಟ್ಟುತ್ತಿದ್ದಳು, ಡಾಕ್ಟರಮ್ಮ ಅದರ ಮೇಲೆ ಸಹಿ ಹಾಕುತ್ತಿದ್ದರು.

ಎರಡನೆಯದು ಮಾತ್ರೆ. ಹನ್ನೆರಡರ ಒಂದೂವರೆ ಮಾತ್ರೆಯಲ್ಲಿ ಒಂದನ್ನು ನುಂಗಿ ಅರ್ಧವನ್ನು ಹಳೆಯ ರೇಡಿಯೋದ ಬ್ಯಾಟರಿ ಜಾಗದಲ್ಲಿ ಬಚ್ಚಿಟ್ಟ. ಆ ಅರ್ಧಕ್ಕಾಗಿ ಪ್ರತಿದಿನ ಅರ್ಧ ಗಂಟೆ ಮೊದಲೇ ಕಲ್ಲಾಗಬೇಕಾಯಿತು. ಕಾಲಿನ ಮೀನಖಂಡ ಗಂಟು ಕಟ್ಟಿ, ಹೆಬ್ಬೆರಳು ಮೇಲಕ್ಕೆ ಸೆಟೆದು, ನೊಣ ಬಂದು ತುಟಿಯ ಮೇಲೆ ಕೂತರೆ ಅದು ತಾನಾಗಿ ಹಾರಿಹೋಗುವವರೆಗೆ ಕಾಯುತ್ತಿದ್ದ. ಕಾಯುತ್ತ, ತಮ್ಮನ ತಲೆಯ ಮೂಳೆ ಯಾವ ಜಾಗದಲ್ಲಿ ತೆಳ್ಳಗಿರುತ್ತದೆ ಎಂದು ಯೋಚಿಸುತ್ತಿದ್ದ. ಕಿವಿಯ ಮೇಲೆ, ಕಣ್ಣಿನ ಸಮಕ್ಕೆ. ಮರ ಕೊಯ್ಯುವವನಿಗೆ ಯಾವುದು ಎಲ್ಲಿ ಸೀಳುತ್ತದೆ ಎಂದು ಹೇಳಿಕೊಡಬೇಕಾಗಿಲ್ಲ.

ಎರಡು ಸಲ ಒಬ್ಬನೇ ಪರೀಕ್ಷೆ ಮಾಡಿದ. ಊಟ ಮಾಡಿದ್ದರೆ ಮಾತ್ರೆ ನಿಧಾನ, ಹಸಿದ ಹೊಟ್ಟೆಗೆ ಬೇಗ. ಎರಡು ಗಂಟೆಗೆ ಎರಡು ಅರ್ಧಗಳನ್ನು ನೀರಿನಲ್ಲಿ ಕರಗಿಸಿ ಕುಡಿದ. ಮೂವತ್ತೈದು ನಿಮಿಷಕ್ಕೆ ಮೈ ಬಿಟ್ಟುಕೊಂಡಿತು. ಆದರೆ ಪ್ರಮಾಣ ಹೆಚ್ಚಾಗಿ, ಭುಜ ಕುತ್ತಿಗೆ ಸೊಂಟ ತಮ್ಮಷ್ಟಕ್ಕೆ ಹಾವಿನ ಹಾಗೆ ಹೊರಳತೊಡಗಿದವು. ಹೀಗೆ ಕುಣಿಯುವ ಮೈಯನ್ನು ನಾಲ್ಕು ಗಂಟೆಗೆ ಕಲ್ಲೆಂದು ಯಾರೂ ನಂಬುವುದಿಲ್ಲ. ಇಂಥ ಒಂದು ಚಿಕ್ಕ ವಿಷಯಕ್ಕೇ ಬುದ್ಧಿವಂತರು ಸಿಕ್ಕಿಬೀಳುವುದು ಎಂದು ಅವನು ತನ್ನನ್ನೇ ಮೆಚ್ಚಿಕೊಂಡ. ಮುಂದಿನ ಸಲ ಕಾಲು ಭಾಗ ಕಡಿಮೆ ಮಾಡಿದ. ಮೈ ಎಣ್ಣೆ ಹಾಕಿದ ಕೀಲಿನಂತೆ ಸಲೀಸಾಗಿ ಆಡಿತು, ಒಂದಿಷ್ಟೂ ಹೊರಳಲಿಲ್ಲ. ಸಂಜೆ ಐದೂವರೆಯವರೆಗೂ ಹಾಗೇ ಇತ್ತು. ಆ ದಿನ ಹೆಂಡತಿ ಶಾಲೆಯ ಸಭೆ ಮುಗಿಸಿ ಆರಕ್ಕೆ ಬಂದಿದ್ದಳು.

ಉಳಿದದ್ದು ಕಲ್ಲಾಗಿ ನಟಿಸುವುದು. ಅದಕ್ಕೆ ಅಭ್ಯಾಸವೇ ಬೇಡ ಎಂದುಕೊಂಡ. ತನ್ನ ಕಲ್ಲನ್ನು ತನಗಿಂತ ಚೆನ್ನಾಗಿ ಬಲ್ಲವರು ಯಾರು? ಕುತ್ತಿಗೆ ಎಷ್ಟು ಬಾಗಬೇಕು, ರೆಪ್ಪೆ ಎಷ್ಟು ಹೊತ್ತಿಗೊಮ್ಮೆ ಬಡಿಯಬೇಕು, ಜೊಲ್ಲು ಯಾವ ಮೂಲೆಯಿಂದ ಇಳಿಯಬೇಕು, ಎಲ್ಲ ಒಳಗಿನಿಂದ ಗೊತ್ತು.

ದಿನ ಗುರುವಾರ. ಪ್ರತಿ ಗುರುವಾರ ಊಟದ ನಂತರ ಮಿಲ್ಲಿನ ಗರಗಸ ನಿಲ್ಲಿಸಿ, ಆಳುಗಳನ್ನೆಲ್ಲ ನಾಲ್ಕರವರೆಗೆ ಹೊರಗೆ ಕಳಿಸಿ, ಚಿಕ್ಕ ಮೇಸ್ತ್ರಿ ಒಬ್ಬನೇ ಕೂತು ಅದರ ಹಲ್ಲು ಮಸೆಯುತ್ತಿದ್ದ. ಆ ಪದ್ಧತಿಯನ್ನು ಹಾಕಿಕೊಟ್ಟವನು ದೊಡ್ಡ ಮೇಸ್ತ್ರಿಯೇ. ಹಲ್ಲು ಮಸೆಯುವಾಗ ಅರದ ಸದ್ದು ಬಿಟ್ಟು ಬೇರೆ ಸದ್ದು ಇರಬಾರದು, ಬೇರೆಯವರ ನೆರಳೂ ಗರಗಸದ ಪಟ್ಟಿಯ ಮೇಲೆ ಬೀಳಬಾರದು ಎಂದು ಇಪ್ಪತ್ತು ವರ್ಷದ ಹಿಂದೆ ತಮ್ಮನ ಕಿವಿ ಹಿಂಡಿ ಕಲಿಸಿದ್ದ. ಅವನು ಕಲಿತದ್ದರಲ್ಲಿ ತಪ್ಪದೆ ಪಾಲಿಸುತ್ತಿದ್ದದ್ದು ಅದೊಂದನ್ನೇ.

ಆ ಗುರುವಾರ ಮೇಸ್ತ್ರಿ ಊಟವನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಯ ತಳಕ್ಕೆ ಹಾಕಿದ. ಎರಡಕ್ಕೆ ಮಾತ್ರೆ ಕರಗಿಸಿದ್ದ ಲೋಟದ ನೀರು ಕುಡಿದ. ಎರಡೂ ನಲವತ್ತಕ್ಕೆ ಎದ್ದ. ಹಳೆಯ ಮಳೆಕೋಟು ತೊಟ್ಟು, ಚಪ್ಪಲಿಯ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಕೈಗೆ ಚಿಂದಿ ಸುತ್ತಿ ಹಿತ್ತಿಲ ಬಾಗಿಲಿನಿಂದ ಹೊರಬಿದ್ದ. ಎರಡು ಕಡೆ ದಿಮ್ಮಿಗಳ ರಾಶಿ, ನಡುವೆ ಒಬ್ಬ ಮನುಷ್ಯ ಹೋಗುವಷ್ಟು ದಾರಿ. ನಾನೂರು ಹೆಜ್ಜೆ. ಒಂದೂ ತೊಡರಲಿಲ್ಲ. ಬಿಸಿಲಿಗೆ ತೊಗಟೆ ಚಟಪಟ ಎನ್ನುತ್ತಿತ್ತು. ಒಂದು ಕ್ಷಣ ಸುಮ್ಮನೆ ನಡೆಯುವ ಸುಖಕ್ಕೇ ಕಣ್ಣು ತುಂಬಿತು. ಇಷ್ಟೇ ಸಾಕು, ಹಿಂದಿರುಗಿ ಹೋಗಲೇ ಎಂದು ಯಾರೋ ಒಳಗೆ ಕೇಳಿದ ಹಾಗಾಯಿತು. ದಿಮ್ಮಿ ಉರುಳಿಸುವ ಹಾರೆ ಗೋಡೆಗೆ ಒರಗಿತ್ತು. ಎತ್ತಿಕೊಂಡ.

ಅರ ನಿಂತಿತು. ತಮ್ಮ ತಲೆಯೆತ್ತಿ ನೋಡಿದ. ಆ ಮುಖದಲ್ಲಿ ಹೆದರಿಕೆ ಕಾಣಬೇಕೆಂದು ಮೇಸ್ತ್ರಿ ಒಂದು ತಿಂಗಳು ಕಾದಿದ್ದ. ಕಂಡದ್ದು ಬೇರೆ. ಬಾಲ್ಯದಲ್ಲಿ, ಅಣ್ಣ ಶಾಲೆಯಿಂದ ಬಂದಾಗ ಗೇಟಿನ ಮೇಲೆ ತೂಗಿಕೊಂಡು ನಗುತ್ತಿದ್ದ ಅದೇ ಮುಖ.

"ಅಣ್ಣ, ನೀನು ನಡೀತಿದ್ದೀಯಲ್ಲೋ."

ಮೊದಲ ಪೆಟ್ಟು ಕಿವಿಯ ಮೇಲೆ ಬಿತ್ತು. ಒಣಗಿದ ಹಲಗೆ ಸೀಳಿದ ಸದ್ದು. ತಮ್ಮ ಗರಗಸದ ಪಟ್ಟಿಯ ಮೇಲೆ ಮುಗ್ಗರಿಸಿದ. ಆಗಷ್ಟೇ ಮಸೆದ ಹಲ್ಲುಗಳು ಅಂಗೈಯನ್ನು ಮೂಳೆಯವರೆಗೆ ಕೊಯ್ದವು. ಆ ಕೈಯನ್ನೇ ಎತ್ತಿ ಮುಖಕ್ಕೆ ಅಡ್ಡ ಹಿಡಿದ. ಎರಡನೆಯ ಪೆಟ್ಟಿಗೆ ಕೈಯೂ ದವಡೆಯೂ ಒಟ್ಟಿಗೆ ಮುರಿದವು. ನೆಲಕ್ಕೆ ಬಿದ್ದ ಮೇಲೂ ಕಾಲುಗಳು ಮರದ ಹೊಟ್ಟನ್ನು ಕೆದಕುತ್ತಿದ್ದವು, ಎಲ್ಲಿಗೋ ಹೊರಟವರ ಹಾಗೆ. ಮುಖದಲ್ಲಿ ಆ ನಗುವಿನ ಚೂರು ಇನ್ನೂ ಉಳಿದಿತ್ತು. ಮೂರನೆಯದನ್ನೂ ನಾಲ್ಕನೆಯದನ್ನೂ ಮೇಸ್ತ್ರಿ ಅದಕ್ಕಾಗಿಯೇ ಹೊಡೆದ. ಐದನೆಯದರ ಹೊತ್ತಿಗೆ ಹೊಡೆಯಲು ಮುಖವೇ ಇರಲಿಲ್ಲ. ನೆತ್ತರು ಹೊಟ್ಟಿನೊಳಗೆ ಇಂಗಿ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗುತ್ತಿತ್ತು. ಅವನಿಗೆ ಏದುಸಿರು ಬರುತ್ತಿತ್ತು, ವರ್ಷಗಳಿಂದ ಬರದಂಥ ಆರೋಗ್ಯವಂತ ಏದುಸಿರು.

ಮರ ಒಣಗಿಸುವ ಒಲೆ ಎಂದೂ ಆರುತ್ತಿರಲಿಲ್ಲ. ಮಳೆಕೋಟು, ಪ್ಲಾಸ್ಟಿಕ್ ಚೀಲ, ಕೈಗೆ ಸುತ್ತಿದ ಚಿಂದಿ ಎಲ್ಲ ಅದರ ಬಾಯಿಗೆ ಹೋದವು. ಹಾರೆಯನ್ನು ಅಲ್ಲೇ ಬಿಟ್ಟ. ಮಿಲ್ಲಿನದೇ ಹಾರೆ, ಹತ್ತು ಕೈ ಮುಟ್ಟಿದ್ದು. ಚಿಂದಿ ಸುಡುವ ಮೊದಲೇ ಮಿಲ್ಲಿನ ಕಚೇರಿಯ ಮೇಜಿನ ಖಾನೆಗಳನ್ನು ಎಳೆದು ಚೆಲ್ಲಾಡಿದ್ದ, ಕಳ್ಳರು ಬಂದ ಹಾಗೆ. ಮೂರೂ ಇಪ್ಪತ್ತಕ್ಕೆ ಮನೆ ಸೇರಿ ಮುಖ, ಮೊಣಕೈ, ಉಗುರಿನ ಸಂದು ತೊಳೆದು, ಬಚ್ಚಲನ್ನು ಒಣಬಟ್ಟೆಯಿಂದ ಒರೆಸಿ, ಕುರ್ಚಿಯಲ್ಲಿ ಕೂತ. ಕುತ್ತಿಗೆ ಬಾಗಿಸಿದ. ಮುಖದಿಂದ ಭಾವನೆಯನ್ನು ಇಳಿಸಿದ. ಬಾಯಿಯ ಎಡಮೂಲೆಯನ್ನು ಸಡಿಲ ಬಿಟ್ಟ. ಜೊಲ್ಲು ಇಳಿಯಿತು.

ನಾಲ್ಕಕ್ಕೆ ಬಾಗಿಲು ತೆರೆದ ಸದ್ದು. ಹೆಂಡತಿ ಚೀಲ ಇಟ್ಟು, ಬೀರು ತೆಗೆದು, ಮಾತ್ರೆಯನ್ನು ನಾಲಿಗೆಯ ಮೇಲಿಟ್ಟು ಲೋಟ ಹಿಡಿದಳು. ನೀರು ಇಳಿಯಿತು, ಮಾತ್ರೆಯನ್ನು ಅವನು ಕೆನ್ನೆಯ ಒಳಗೆ ಸರಿಸಿಕೊಂಡ. ಎರಡೆರಡು ಬಸ್ಸು ಹತ್ತಬಾರದಲ್ಲ. ಅವಳು ಸೆರಗಿನಿಂದ ಅವನ ಗಲ್ಲ ಒರೆಸಿ, ಲೋಟ ಕೈಯಲ್ಲೇ ಹಿಡಿದು ಒಂದು ಗಳಿಗೆ ನಿಂತಳು. ದಣಿದಿರಬೇಕು ಪಾಪ ಎಂದುಕೊಂಡ. ಅವಳು ಒಳಗೆ ಹೋದಾಗ ಮಾತ್ರೆಯನ್ನು ಕುರ್ಚಿಯ ದಿಂಬಿನ ಹೊಲಿಗೆಯೊಳಕ್ಕೆ ತುರುಕಿದ. ಮಿಲ್ಲಿನ ಕಡೆಯಿಂದ ಆಳುಗಳ ಕೂಗು ಕೇಳಿದ್ದು ಆಗಲೇ.

ಎಲ್ಲವೂ ಅವನು ಗೀರು ಹಾಕಿದ ಗೆರೆಯ ಮೇಲೆಯೇ ಕೊಯ್ದುಕೊಂಡು ಹೋಯಿತು. ಇನ್ಸ್‌ಪೆಕ್ಟರ್ ಪಕ್ಕದ ಬೀದಿಯ ಠಾಣೆಯಿಂದ ಮನೆಯೊಳಗೆ ಬಂದಾಗ ನಾಲ್ಕೂ ಇಪ್ಪತ್ತು. ಕುರ್ಚಿಯಲ್ಲಿದ್ದವನ ಕಣ್ಣೆದುರು ಬೆರಳು ಆಡಿಸಿ ನೋಡಿ, ಇವರ ತಮ್ಮ ಹೋದದ್ದಾದರೂ ಇವರಿಗೆ ತಿಳಿಯುತ್ತಾ ಎಂದು ಮೆಲ್ಲಗೆ ಕೇಳಿದರು. ನಾಲ್ಕೂವರೆಗೆ ನಿಧಾನವಾಗಿ ತುಟಿ ಆಡಿಸಿ, ನಾಲ್ಕೂಮುಕ್ಕಾಲಿಗೆ ಒಂದು ಬೆರಳು ಎತ್ತಿ, ಮೇಸ್ತ್ರಿ ದಿನದಂತೆ ಮನುಷ್ಯನಾದ. ಆಮೇಲೆ ಅತ್ತ. ಅಳು ನಿಜವಾಗಿಯೇ ಬಂತು, ಅದು ಅವನಿಗೇ ಆಶ್ಚರ್ಯ. ಡಾಕ್ಟರಮ್ಮ ಚಾರ್ಟಿನ ಪ್ರತಿ ಕಳಿಸಿ, ಆ ಹೊತ್ತಿನಲ್ಲಿ ಅವರಿಂದ ಒಂದು ಚಮಚ ಎತ್ತಲೂ ಆಗದು ಎಂದು ಬರೆದುಕೊಟ್ಟರು. ಹಿಂದೆ ಕೆಲಸದಿಂದ ತೆಗೆದುಹಾಕಿದ್ದ ಇಬ್ಬರು ಆಳುಗಳನ್ನು ಪೊಲೀಸರು ಹುಡುಕತೊಡಗಿದರು. ಮದುವೆಯಿಲ್ಲದ ತಮ್ಮನ ಆಸ್ತಿ ಅಣ್ಣನಿಗೇ ಬರುತ್ತದಲ್ಲ ಎಂದು ಯಾರೋ ಅಂದದ್ದಕ್ಕೆ, ಕೊಟ್ಟವನೇ ಅವನು ಮಾರಾಯ ಎಂದು ಇನ್ನೊಬ್ಬರು ಬಾಯಿ ಮುಚ್ಚಿಸಿದರಂತೆ.

ಒಂಬತ್ತನೆಯ ದಿನ, ಬೆಳಿಗ್ಗೆ ಹತ್ತರ ಹೊತ್ತಿಗೆ ಇನ್ಸ್‌ಪೆಕ್ಟರ್ ಮತ್ತೆ ಬಂದರು. ಹೆಂಡತಿಯ ಹೇಳಿಕೆಯೊಂದು ಬಾಕಿ ಇತ್ತು, ಅದಾದರೆ ಈ ಮನೆಯ ಕೆಲಸ ಮುಗಿಯಿತು ಎಂದರು. ಮೇಸ್ತ್ರಿ ಆನ್ ಇದ್ದ. ಅದೇ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದ. ಅವಳು ಒಂದೊಂದೇ ಹೇಳಿದಳು, ಅವರು ಬರೆದುಕೊಂಡರು. ನಾಲ್ಕಕ್ಕೆ ಬಂದದ್ದು, ಇವರು ಎಂದಿನಂತೆ ಕಲ್ಲಾಗಿ ಕೂತದ್ದು, ಮಾತ್ರೆ ಕೊಟ್ಟದ್ದು, ಕೂಗು ಕೇಳಿದ್ದು. ಅವರು ಪೆನ್ನಿಗೆ ಮುಚ್ಚಳ ಹಾಕಿದರು. ಏಳುತ್ತ, ಅವಳಿಗೆ ಒಂದು ಒಳ್ಳೆಯ ಮಾತು ಹೇಳಬೇಕೆನ್ನಿಸಿತೇನೋ, ದಿನಾ ಹೀಗೆ ಒಬ್ಬರೇ ಸಂಭಾಳಿಸುವುದು ಕಷ್ಟ ಅಲ್ಲವೇನಮ್ಮ ಎಂದು ಕೇಳಿದರು.

ಕಷ್ಟ ಏನು ಬಂತು ಸರ್, ಅಭ್ಯಾಸ ಎಂದಳು ಅವಳು. ಬಹಳ ದಿನದ ಮೇಲೆ ಯಾರೋ ವಿಚಾರಿಸಿದ್ದಕ್ಕೆ ಮುಖ ಅರಳಿತು. "ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಇವರ ಬಲಗೈ ಅದುಮಿ ಹಿಡ್ಕೋಬೇಕು, ಅಷ್ಟೇ. ಮಾತ್ರೆ ಬಿಟ್ಟುಹೋದ ಹೊತ್ತಲ್ಲಿ ಮೈಯೆಲ್ಲ ಕಲ್ಲಾದ್ರೂ ಆ ಕೈಯೊಂದು ಪಟಪಟ ನಡುಗ್ತಾನೇ ಇರತ್ತೆ ಸರ್, ಲೋಟ ತಟ್ಟಿ ಚೆಲ್ಲಿಬಿಡತ್ತೆ. ಒಂಬತ್ತು ವರ್ಷದಲ್ಲಿ ಒಂದು ದಿನ ತಪ್ಪಿಲ್ಲ. ಆ ಗುರುವಾರ ಮಾತ್ರ ಹಿಡಿಯೋದೇ ಬೇಕಾಗ್ಲಿಲ್ಲ. ತೊಡೆ ಮೇಲೆ ನಿದ್ದೆ ಹೋದ ಮಗು ಹಾಗೆ ಮಲಗಿತ್ತು, ನಂಗೇ ಅಚ್ಚರಿ ಆಯ್ತು." ಮೇಸ್ತ್ರಿ ತನ್ನ ಬಲಗೈಯನ್ನು ನೋಡಿದ. ಮಿಲ್ಲಿನ ಪಕ್ಕ ಹುಟ್ಟಿ ಬೆಳೆದವರಿಗೆ ಗರಗಸದ ಸದ್ದು ಕಿವಿಗೆ ಬೀಳುವುದಿಲ್ಲ. ಅವನು ಆ ನಡುಕವನ್ನು ಕಂಡು ಎಷ್ಟೋ ವರ್ಷಗಳಾಗಿದ್ದವು. ಈಗ ಕಂಡಿತು. ಮಾತ್ರೆಯ ಒಳ್ಳೆಯ ಹೊತ್ತಿನಲ್ಲೂ ಭಯಕ್ಕೆ ಅದು ಎಚ್ಚರಗೊಂಡು, ತೊಡೆಯ ಮೇಲೆ, ಇನ್ಸ್‌ಪೆಕ್ಟರ್ ಕಣ್ಣೆದುರಿಗೇ ಬಡಿದುಕೊಳ್ಳತೊಡಗಿತು. ಅವರು ಎದ್ದವರು ಮತ್ತೆ ಕೂತು, ಪೆನ್ನಿನ ಮುಚ್ಚಳ ತೆಗೆದು, ಇನ್ನೊಂದು ಸಲ ಹೇಳಿಯಮ್ಮ ಎಂದರು. ಅವಳು ಹೇಳತೊಡಗಿದಳು. ಹೇಳುತ್ತಲೇ, ಅಭ್ಯಾಸದಂತೆ, ಕೈ ಚಾಚಿ ಅವನ ಬಲಗೈಯನ್ನು ಮೆಲ್ಲಗೆ ಅದುಮಿ ಹಿಡಿದಳು.